ಜೇಡ ಚೆನ್ನಾಗಿದೆ, ಫೋಟೋ ಮಾತ್ರ ಸುಟ್ಟ ಒಬ್ಬಟ್ಟು: ಸಹಾಯ ಮಾಡಿ

ಗುಂಗುರಮ್ಮನ ಅಪ್ಪ (ರೌಂಡ್ ರಾಕ್, ಟೆಕ್ಸಾಸ್), ಮಾರ್ಚ್ 8

ಎಲ್ಲರಿಗೂ ನಮಸ್ಕಾರ. ನನ್ನ ಊರು ಬಳ್ಳಾರಿ, ಈಗಿರುವುದು ಆಸ್ಟಿನ್ ಪಕ್ಕದ ರೌಂಡ್ ರಾಕ್. ನಾಲ್ಕು ತಿಂಗಳಿಂದ ಮನೆಯಲ್ಲಿ ಒಂದು ಟರಾಂಟುಲಾ, ಅಂದರೆ ಮೈತುಂಬ ಕೂದಲಿರುವ ದೊಡ್ಡ ಜೇಡ, ಸಾಕಿದ್ದೇವೆ. ಯಾಕೆ ಬೇಕಿತ್ತು ಅಂತ ನೀವು ಕೇಳಬೇಡಿ, ನನ್ನ ಹೆಂಡತಿ ದಿನಾ ಕೇಳುತ್ತಾಳೆ.

ಶುರುವಾಗಿದ್ದು ಹೋದ ಜೂನ್‌ನಲ್ಲಿ. ಸಂಜೆ ವಾಕಿಂಗ್ ಹೋದಾಗ ರಸ್ತೆ ದಾಟುತ್ತಿದ್ದ ಕಂದು ಜೇಡ ಕಣ್ಣಿಗೆ ಬಿತ್ತು. ಅಂಗೈ ಅಗಲ. ಇಲ್ಲಿಯ ಗಂಡು ಟರಾಂಟುಲಾಗಳು ದೊಡ್ಡವಾದ ಮೇಲೆ ಬಿಲ ಬಿಟ್ಟು ಹೆಣ್ಣು ಹುಡುಕಿಕೊಂಡು ಹೊರಡುತ್ತವೆ. ಒಂಬತ್ತು ವರ್ಷದ ಮಗಳು ಮನೆಗೆ ತರೋಣ ಅಂತ ಹಟ ಹಿಡಿದಳು. ಹೆಣ್ಣು ನೋಡಲು ಹೊರಟವನನ್ನು ಡಬ್ಬಿಗೆ ಹಾಕಬಾರದು ಎಂದು ಹೇಗೋ ಸಮಾಧಾನ ಮಾಡಿದೆ. ಅವಳು ಮರೆಯಲಿಲ್ಲ. ನವೆಂಬರ್‌ನಲ್ಲಿ ಅವಳ ಹುಟ್ಟುಹಬ್ಬಕ್ಕೆ ಅಂಗಡಿಯಿಂದಲೇ ಒಂದು ತಂದೆವು. ಸಾಕಿದ ಜೇಡಕ್ಕೇ ಹುಟ್ಟಿದ ಮರಿ, ಕಾಡಿನಿಂದ ಹಿಡಿದದ್ದಲ್ಲ. ಇಂಗ್ಲಿಷಿನಲ್ಲಿ ಕರ್ಲಿ ಹೇರ್ ಅನ್ನುತ್ತಾರೆ. ಮೈತುಂಬ ಗುಂಗುರು ಕೂದಲು, ಅದಕ್ಕೇ ಗುಂಗುರಮ್ಮ. ಕಾಲು ಚಾಚಿದರೆ ನಾಲ್ಕೂವರೆ ಇಂಚು.

ಈಗ ನನ್ನ ಗೋಳು. ನನ್ನ ಹತ್ತಿರ ನಿಕಾನ್ ಕ್ಯಾಮೆರಾ, ಸಣ್ಣದನ್ನು ತೀರಾ ಹತ್ತಿರದಿಂದ ತೆಗೆಯುವ 105 ಮಿ.ಮೀ. ಮ್ಯಾಕ್ರೋ ಲೆನ್ಸ್ ಇದೆ. ಹೂವು, ಚಿಟ್ಟೆ ಚೆನ್ನಾಗಿಯೇ ತೆಗೆಯುತ್ತೇನೆ. ಇವಳದ್ದು ಮಾತ್ರ ಬರುತ್ತಿಲ್ಲ. ಹೋದ ಭಾನುವಾರ ಊಟದ ಟೇಬಲ್ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ, ಇವಳನ್ನು ಮೆಲ್ಲಗೆ ಹೊರಗೆ ಬಿಟ್ಟೆ. ಹತ್ತಿರ ಬಗ್ಗಿ ನಲವತ್ತು ಫೋಟೋ ತೆಗೆದೆ. ಎಲ್ಲದರಲ್ಲೂ ಒಂದೇ ಕಥೆ: ಸುಟ್ಟ ಒಬ್ಬಟ್ಟಿಗೆ ಕೂದಲು ಬಂದ ಹಾಗೆ. ಕಣ್ಣು ಯಾವುದು, ಕಾಲು ಯಾವುದು ಗೊತ್ತಾಗುವುದಿಲ್ಲ. ನಲವತ್ತೊಂದನೆಯ ಫೋಟೋಗೆ ಇವಳು ಹಿಂಗಾಲಿನಿಂದ ಹೊಟ್ಟೆ ಕೆರೆದುಕೊಂಡಳು. ಪಾಪ ತುರಿಸುತ್ತಿರಬೇಕು ಅಂದುಕೊಂಡೆ. ಹತ್ತು ನಿಮಿಷಕ್ಕೆ ತುರಿಕೆ ನನಗೆ ಶುರುವಾಯಿತು. ಮಣಿಕಟ್ಟು, ಕುತ್ತಿಗೆ ಎಲ್ಲ ನಸುಗುನ್ನಿ ಕಾಯಿ ತಗಲಿದ ಹಾಗೆ, ಮೂರು ದಿನ. ಆ ಗಡಿಬಿಡಿಯಲ್ಲಿ ಅವಳು ಟೇಬಲ್ಲಿನ ಅಂಚಿಗೆ ಹೋಗಿದ್ದಳು. ಮಗಳು ಕೂಗದಿದ್ದರೆ ಬೀಳುತ್ತಿದ್ದಳು.

ಇನ್ನೊಂದು ಚಿಂತೆ. ಮೂರು ವಾರದಿಂದ ಏನೂ ತಿಂದಿಲ್ಲ. ಕ್ರಿಕೆಟ್ ಹುಳು ಬಿಟ್ಟರೆ ತಿರುಗಿಯೂ ನೋಡುವುದಿಲ್ಲ, ಅದು ಡಬ್ಬದೊಳಗೆ ಆರಾಮಾಗಿ ಓಡಾಡಿಕೊಂಡಿದೆ. ಚಳಿ ಇರಬಹುದು ಅಂತ ಕೆಂಪು ಬಲ್ಬು ಹಾಕಿದ್ದೇನೆ. 10 ಗ್ಯಾಲನ್ ಗಾಜಿನ ಟ್ಯಾಂಕು, ತಳದಲ್ಲಿ ಎರಡು ಇಂಚು ತೆಂಗಿನ ನಾರಿನ ಪುಡಿ, ಮೇಲೆ ಕಬ್ಬಿಣದ ಜಾಲರಿ. (ಆ ಪುಡಿಯ ಪ್ಯಾಕೆಟ್ ಮೇಲೆ ಭಾರತದ್ದು ಅಂತ ಬರೆದಿದೆ. ನಮ್ಮಲ್ಲಿ ತೆಂಗಿನ ಮರದ ಬುಡಕ್ಕೆ ಸುರಿಯುವುದನ್ನು ಇಲ್ಲಿ ಡಾಲರ್ ಕೊಟ್ಟು ತಂದೆ.)

ಕೊನೆಯ ಪ್ರಶ್ನೆ. ಇಲ್ಲಿ ಹಾವು-ಹಲ್ಲಿ ಮಾರುವ ಮೇಳ ಒಂದಕ್ಕೆ ಹೋಗಿದ್ದೆವು. ಒಂದು ಡಬ್ಬಿಯಲ್ಲಿ ನೀಲಿ ಜೇಡ. ಸುಮ್ನೆ ನೀಲಿ ಅಲ್ಲ, ನವಿಲಿನ ಕತ್ತಿನ ನೀಲಿ, ಕಾಲ ಮೇಲೆ ಹಳದಿ. ಚೀಟಿಯಲ್ಲಿ 'ಗೂಟಿ ಸಫೈರ್'. ನಿಂತಲ್ಲೇ ನಿಂತೆ. ಇದು ನಮ್ಮ ಗುತ್ತಿ! ಚಿಕ್ಕಂದಿನಲ್ಲಿ ಬಳ್ಳಾರಿಯಿಂದ ತಿರುಪತಿಗೆ ಹೋಗುವಾಗ ಗುಂತಕಲ್ ದಾಟಿದ ಮೇಲೆ ಬರುವ ಗುತ್ತಿ. ಅಷ್ಟು ಸಲ ಆ ಸ್ಟೇಷನ್ ನೋಡಿದ್ದೇನೆ, ಇಂಥದ್ದೊಂದು ಇದೆ ಅಂತ ಯಾರೂ ಹೇಳಲಿಲ್ಲ. ಕೊಂಡುಕೊಳ್ಳಲಾ? ಊರಿನ ಕಡೆಯದು ಅಂತ ಒಂದು ಸೆಳೆತ, ಅಷ್ಟೇ.

---

ಎಂಟು ಕಾಲಿನ ಸಂಸಾರ (ಲೆಸ್ಟರ್, ಇಂಗ್ಲೆಂಡ್), ಮಾರ್ಚ್ 8

ಗುಂಗುರಮ್ಮನ ಅಪ್ಪ, ಮೊದಲು ಎದ್ದು ಹೋಗಿ ಆ ಕೆಂಪು ಬಲ್ಬು ಆರಿಸಿ ಬನ್ನಿ. ಆಮೇಲೆ ಮುಂದೆ ಓದಿ.

ಆಯ್ತಾ? ನನ್ನದು ತುಮಕೂರು, ಹನ್ನೆರಡು ವರ್ಷದಿಂದ ಜೇಡ ಸಾಕುತ್ತಿದ್ದೇನೆ, ಈಗ ಮನೆಯಲ್ಲಿ ಹನ್ನೊಂದು ಇವೆ. ನೀವು ಮಾಡಿದ ತಪ್ಪುಗಳಲ್ಲಿ ನಾನು ಮಾಡದೇ ಇರುವುದು ಬೆಡ್‌ಶೀಟ್ ಒಂದೇ. ನಾನು ಟವಲ್ ಹಾಸಿದ್ದೆ.

ಬಲ್ಬಿನಿಂದ ಜೇಡದ ಮೈ ಒಣಗುತ್ತದೆ. ಜೇಡ ಕಾಲು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ, ಜೆಸಿಬಿಯ ತೋಳು ಎದ್ದ ಹಾಗೆ. ಕಾಲು ಮಡಚಲು ಸ್ನಾಯು ಇದೆ, ಮುಖ್ಯವಾದ ಕೀಲುಗಳನ್ನು ಚಾಚಲು ಇಲ್ಲ. ಸತ್ತ ಜೇಡ ಕಾಲು ಮುದುಡಿಕೊಂಡು ಬಿದ್ದಿರುವುದು ಅದಕ್ಕೇ. ಮೈಯಲ್ಲಿ ನೀರು ಕಡಿಮೆಯಾದರೆ ಬದುಕಿದ್ದಾಗಲೇ ಮುದುಡಲು ಶುರು. ನಿಮ್ಮ ಮನೆಯೊಳಗೆ ನೀವು ಸ್ವೆಟರ್ ಇಲ್ಲದೆ ಇರಬಲ್ಲಿರಾದರೆ ಅವಳಿಗೂ ಸಾಕು. ಒಂದು ಚಿಕ್ಕ ಬಟ್ಟಲಿನಲ್ಲಿ ನೀರು ಯಾವಾಗಲೂ ಇರಲಿ. ಅದರೊಳಗೆ ಸ್ಪಂಜು ಇಡಿ ಅಂತ ಅಂಗಡಿಯವರು ಹೇಳಿದ್ದರೆ ತೆಗೆದು ಬಿಸಾಕಿ, ಗಲೀಜು ಬಿಟ್ಟರೆ ಬೇರೇನೂ ಬೆಳೆಯುವುದಿಲ್ಲ ಅದರಲ್ಲಿ.

ಎರಡನೆಯದು, ಟ್ಯಾಂಕು. 10 ಗ್ಯಾಲನ್ ಟ್ಯಾಂಕು ಒಂದು ಅಡಿ ಎತ್ತರ. ಎರಡು ಇಂಚು ಪುಡಿ ಹಾಕಿದರೆ ಮೇಲೆ ಹತ್ತು ಇಂಚು ಖಾಲಿ. ನೆಲದ ಮೇಲೆ ಬದುಕುವ ಜೇಡಕ್ಕೆ ಅಷ್ಟು ಎತ್ತರ ಅಪಾಯ. ಗಾಜು ಹತ್ತುತ್ತಾಳೆ, ಕಾಲು ಜಾರುತ್ತದೆ, ಹೊಟ್ಟೆ ಒಡೆದರೆ ಮುಗಿಯಿತು. ಕಾಲು ಚಾಚಿದ ಅಳತೆಯ ಒಂದೂವರೆ ಪಟ್ಟಿಗಿಂತ ಜಾಸ್ತಿ ಎತ್ತರ ಬೇಡ. ಅಂದರೆ ಇನ್ನೂ ನಾಲ್ಕು ಇಂಚು ಪುಡಿ ತುಂಬಿ, ಕೈಯಿಂದ ಒತ್ತಿ ಗಟ್ಟಿ ಮಾಡಿ. ಬಿಲ ತೋಡುತ್ತಾಳೆ, ತೋಡಲಿ. ಜಾಲರಿಯೂ ಬೇಡ. ಕಾಲಿನ ತುದಿಯ ಉಗುರು ಅದರಲ್ಲಿ ಸಿಕ್ಕಿಕೊಂಡು ನೇತಾಡುತ್ತಾಳೆ. ಅಕ್ರಿಲಿಕ್ ಹಾಳೆಗೆ ತೂತು ಕೊರೆದು ಮುಚ್ಚಿ.

ಊಟ ಬಿಟ್ಟಿದ್ದಕ್ಕೆ ಗಾಬರಿಯಾಗಬೇಡಿ. ನನ್ನ ಹತ್ತಿರ ಮೆಕ್ಸಿಕನ್ ರೆಡ್ ನೀ ಒಂದಿದೆ, ಐದು ತಿಂಗಳು ಉಪವಾಸ ಇದ್ದಳು, ನಾನೇ ಸೊರಗಿದೆ, ಅವಳಲ್ಲ. ನೀವು ನೋಡಬೇಕಾದ್ದು ಹೊಟ್ಟೆ. ಅವಳು ಕೂದಲು ಉದುರಿಸಿಕೊಂಡ ಜಾಗ ಬೋಳಾಗಿರುತ್ತದಲ್ಲ, ಅದರ ಬಣ್ಣ ಹೇಗಿದೆ? ತಿಳಿಯಾಗಿದ್ದರೆ ಹೊಟ್ಟೆ ತುಂಬಿದೆ ಅಷ್ಟೇ. ಕಪ್ಪಾಗಿ ಮಿಂಚುತ್ತಿದ್ದರೆ ಪೊರೆ ಬಿಡುವ ಸಮಯ ಬಂತು. ಆ ಕಪ್ಪು ಕಾಣಿಸುವುದು ಒಳಗೆ ತಯಾರಾಗಿರುವ ಹೊಸ ಕೂದಲು. ಹಾಗಿದ್ದರೆ ಇವತ್ತೇ ಆ ಕ್ರಿಕೆಟ್ ಹುಳುವನ್ನು ಹಿಡಿದು ಹೊರಗೆ ಹಾಕಿ. ಪೊರೆ ಬಿಟ್ಟಾಗ ಜೇಡದ ಮೈ ಹಸಿ ಹಿಟ್ಟಿನ ಹಾಗೆ ಮೆತ್ತಗಿರುತ್ತದೆ, ಹಸಿದ ಹುಳು ಅವಳನ್ನೇ ಕಚ್ಚಿ ತಿನ್ನಬಹುದು. ಮತ್ತೆ ಒಂದು ದಿನ ಅವಳು ಅಂಗಾತ ಮಲಗಿರುತ್ತಾಳೆ, ಕಾಲು ಮೇಲೆ. ಸತ್ತಿಲ್ಲ! ಜೇಡ ಸಾಯುವುದು ಬೋರಲಾಗಿ, ಕಾಲು ಮುದುಡಿ. ಅಂಗಾತ ಇದ್ದರೆ ಪೊರೆ ಬಿಡುತ್ತಿದ್ದಾಳೆ ಅಂತ ಅರ್ಥ. ಮುಟ್ಟಬೇಡಿ, ತಿರುಗಿಸಬೇಡಿ, ನೀರು ಎರಚಬೇಡಿ. ನನಗೆ ಇದು ಗೊತ್ತಿಲ್ಲದೆ ಮೊದಲ ವರ್ಷ ಒಂದನ್ನು ಚಮಚದಿಂದ ತಿರುಗಿಸಿದೆ. ಆ ಕಥೆ ಬರೆಯಲು ಈಗಲೂ ಮನಸ್ಸಿಲ್ಲ.

ಇನ್ನು ತುರಿಕೆ. ಅವಳು ಹೊಟ್ಟೆ ಕೆರೆದುಕೊಳ್ಳಲಿಲ್ಲ, ನಿಮ್ಮ ಮೇಲೆ ಕೂದಲು ಎಸೆದಳು. ಅಮೆರಿಕ ಖಂಡಗಳ ಬಹಳಷ್ಟು ಟರಾಂಟುಲಾಗಳಿಗೆ ಅದೇ ಆಯುಧ. ಪ್ರತಿ ಕೂದಲಿಗೂ ಮುಳ್ಳು ಇರುತ್ತದೆ, ಚರ್ಮಕ್ಕೆ ನಾಟಿದರೆ ಒಳಗೊಳಗೇ ಹೋಗುತ್ತದೆ. ಮುಂದಿನ ಸಲ ಕೈ ಉಜ್ಜಬೇಡಿ, ಸೆಲ್ಲೋಟೇಪ್ ಅಂಟಿಸಿ ಕೀಳಿ, ಆಮೇಲೆ ತೊಳೆಯಿರಿ. ಚರ್ಮಕ್ಕೆ ಬಿದ್ದಿದ್ದು ನಿಮ್ಮ ಪುಣ್ಯ. ನನಗೆ ಬಿದ್ದಿದ್ದು ಕಣ್ಣಿಗೆ. ರೆಡ್ ನೀ ಮುಖದ ಕ್ಲೋಸಪ್ ತೆಗೆಯಲು ಹೋಗಿ, ಕನ್ನಡಕ ವ್ಯೂಫೈಂಡರ್‌ಗೆ ಅಡ್ಡ ಬರುತ್ತದೆ ಅಂತ ತೆಗೆದಿಟ್ಟಿದ್ದೆ. ಮ್ಯಾಕ್ರೋ ಲೆನ್ಸ್‌ನಲ್ಲಿ ಪೂರ್ತಿ ಹತ್ತಿರ ಹೋದರೆ ಲೆನ್ಸಿನ ತುದಿಗೂ ಜೇಡಕ್ಕೂ ಒಂದು ಗೇಣು ಜಾಗವೂ ಇರುವುದಿಲ್ಲ. ಮರುದಿನ ಕಣ್ಣು ಕೆಂಪು, ಬೆಳಕು ನೋಡಲಾಗುತ್ತಿಲ್ಲ. ಕಣ್ಣಿನ ಡಾಕ್ಟರು ಯಂತ್ರದಲ್ಲಿ ನೋಡಿ, ಕಾರ್ನಿಯಾದಲ್ಲಿ ಸಣ್ಣ ಸಣ್ಣ ಕೂದಲು ಎಣಿಸಿದರು. ಎರಡು ತಿಂಗಳು ಸ್ಟಿರಾಯ್ಡ್ ಹನಿ ಹಾಕಿಕೊಂಡೆ. "ಬೆಕ್ಕು ಸಾಕಿ ಮೇಡಂ" ಅಂದರು. ಹಾಗಾಗಿ ಕನ್ನಡಕ ಇಲ್ಲದೆ ಮುಚ್ಚಳ ತೆಗೆಯಬೇಡಿ, ಮಗಳಿಗೂ ಒಂದು ಪ್ಲಾಸ್ಟಿಕ್ ಗಾಗಲ್ಸ್ ತನ್ನಿ. ಆ ಬೆಡ್‌ಶೀಟ್ ಬಿಸಿ ನೀರಿನಲ್ಲಿ ಒಗೆದಿರಾ? ಇಲ್ಲ ಅಂದರೆ ಹೆಂಡತಿಗೆ ಹೇಳುವ ಮುಂಚೆ ಒಗೆದುಬಿಡಿ.

ಫೋಟೋ ವಿಷಯ ರಾತ್ರಿ ಬರೆಯುತ್ತೇನೆ, ಈಗ ಕೆಲಸಕ್ಕೆ ಹೊರಟೆ.

---

ಸುಮ್ನೆ ಓದುವವ, ಮಾರ್ಚ್ 8

ಡಾಲರ್ ಕೊಟ್ಟು ಜೇಡ ತರೋದಾ! ನಮ್ಮ ಮನೆಯ ಅಟ್ಟದಲ್ಲಿ ಬಾಡಿಗೆ ಕೊಡದೆ ಎಂಟು ಸಂಸಾರ ಇವೆ. ಯಾರಿಗಾದರೂ ಬೇಕಿದ್ದರೆ ಬಂದು ಕರೆದುಕೊಂಡು ಹೋಗಿ.

---

ಎಂಟು ಕಾಲಿನ ಸಂಸಾರ, ಮಾರ್ಚ್ 8, ರಾತ್ರಿ

ಹೂಂ, ಫೋಟೋ.

ನಿಮ್ಮ ಒಬ್ಬಟ್ಟು ಸುಟ್ಟಿದ್ದು ಬೆಡ್‌ಶೀಟಿನಿಂದ. ಕ್ಯಾಮೆರಾ ಸುತ್ತಲಿನ ಬಿಳಿಯನ್ನು ನೋಡಿ ಬೆಳಕು ಜಾಸ್ತಿ ಇದೆ ಅಂದುಕೊಂಡಿತು, ಎಲ್ಲ ಕತ್ತಲು ಮಾಡಿತು, ಅವಳು ಕರಿ ಮುದ್ದೆಯಾದಳು. ಕಪ್ಪು ಮಣ್ಣಿನ ಮೇಲೆ ತೆಗೆದಿದ್ದರೆ ಇದರ ಉಲ್ಟಾ, ಬೂದಿ ಬಳಿದ ಹಾಗೆ ಬರುತ್ತಿದ್ದಳು. ಆಟೋ ಬಿಟ್ಟು ಮ್ಯಾನುಯಲ್‌ಗೆ ಬನ್ನಿ. ನಾನು ಶುರು ಮಾಡುವುದು ಇಲ್ಲಿಂದ: ಶಟರ್ 1/160, ಎಫ್ 11 (ಲೆನ್ಸಿನ ಕಿಂಡಿಯ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು), ಐಎಸ್‌ಒ 200. ಬೆಳಕೆಲ್ಲ ಫ್ಲ್ಯಾಷಿನದು. ಕೋಣೆಯ ಲೈಟು ಲೆಕ್ಕಕ್ಕೇ ಇಲ್ಲ.

ಫ್ಲ್ಯಾಷ್ ನೇರವಾಗಿ ಹೊಡೆದರೆ ಬೆನ್ನು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ನಾನು ಹಾಲಿನ ಪ್ಲಾಸ್ಟಿಕ್ ಕ್ಯಾನ್ ಕತ್ತರಿಸಿ ಫ್ಲ್ಯಾಷಿನ ಮುಂದೆ ಕಟ್ಟುತ್ತೇನೆ, ಬೆಳಕು ಮೆದು ಮಾಡಲು ನೂರಾರು ಪೌಂಡ್ ಕೊಟ್ಟು ತಂದ ಡಿಫ್ಯೂಸರ್‌ಗಿಂತ ಅದೇ ವಾಸಿ. ನಿಮ್ಮದು ಗುಂಗುರು ಕೂದಲಿನವಳು, ಅದೇ ಅವಳ ಚೆಲುವು. ಕೂದಲು ಕಾಣಬೇಕಾದರೆ ಬೆಳಕು ಹಿಂದಿನಿಂದ, ಸ್ವಲ್ಪ ಪಕ್ಕದಿಂದ ಬರಬೇಕು. ಆಗ ಕಪ್ಪು ಮೈಯ ಸುತ್ತ ಒಂದೊಂದು ಎಳೆಯೂ ಬಂಗಾರದ ಜರಿಯ ಹಾಗೆ ಎದ್ದು ನಿಲ್ಲುತ್ತದೆ. ಒಂದು ಸಲ ನೋಡಿದರೆ ಮುಂದಿನಿಂದ ಬೆಳಕು ಹಾಕಲು ಮನಸ್ಸೇ ಬರುವುದಿಲ್ಲ.

ಎಷ್ಟು ಹತ್ತಿರ? ಒಂದಕ್ಕೊಂದು ಅಳತೆಯಲ್ಲಿ (ಜೇಡ ಎಷ್ಟಿದೆಯೋ ಕ್ಯಾಮೆರಾದ ಸೆನ್ಸರ್ ಮೇಲೂ ಅಷ್ಟೇ ಬೀಳುವ ಹಾಗೆ) ಎಫ್ 11 ಇಟ್ಟರೂ ಸ್ಪಷ್ಟವಾಗಿ ಬರುವ ಪದರ ಒಂದು ಮಿಲಿಮೀಟರ್ ಆಸುಪಾಸು. ಕಣ್ಣು ಸಿಕ್ಕರೆ ಕಾಲು ಮಂಜು. ಎಫ್ 22ಕ್ಕೆ ಇಳಿಸಿದರೆ ಪದರ ದಪ್ಪವಾಗುತ್ತದೆ, ಆದರೆ ಇಡೀ ಫೋಟೋ ಮೆತ್ತಗಾಗುತ್ತದೆ. ಅದಕ್ಕೇ ಎರಡರಲ್ಲಿ ಒಂದು ಆರಿಸಿಕೊಳ್ಳಿ. ಇಡೀ ಜೇಡ ಬೇಕಾದರೆ ದೂರ ನಿಂತು ಮೇಲಿನಿಂದ ತೆಗೆಯಿರಿ, ಬೆನ್ನಿಗೆ ಕ್ಯಾಮೆರಾ ಸಮನಾಗಿರಲಿ. ಮುಖ ಬೇಕಾದರೆ ಮುಖ ಮಾತ್ರ, ಅವಳ ಮಟ್ಟಕ್ಕೆ ಇಳಿದು. ಎಂಟು ಕಣ್ಣೂ ತಲೆಯ ಮೇಲಿನ ಒಂದು ಸಣ್ಣ ಗುಬುಟಿನಲ್ಲಿ ಗುಂಪಾಗಿವೆ, ಫೋಕಸ್ ಅಲ್ಲಿಗೆ.

ಎಲ್ಲಕ್ಕಿಂತ ಮುಖ್ಯ: ಅವಳನ್ನು ಹೊರಗೆ ತೆಗೆಯಬೇಡಿ. ಎಂಟು ಕಣ್ಣಿದ್ದರೂ ನೋಟ ಅಷ್ಟಕ್ಕಷ್ಟೇ, ಅವಳ ಲೋಕ ಇರುವುದು ಕಾಲಿನ ಕೂದಲಿನಲ್ಲಿ. ನೆಲ ಅದುರಿದ್ದು, ಗಾಳಿ ಆಡಿದ್ದು ಎಲ್ಲ ಅಲ್ಲೇ ಗೊತ್ತಾಗುತ್ತದೆ. ನಿಮ್ಮ ಬಿಸಿ ಉಸಿರು ತಗಲಿದರೆ ಅವಳಿಗೆ ಯಾವುದೋ ದೊಡ್ಡ ಪ್ರಾಣಿ ಬಂದ ಹಾಗೆ. ಫ್ಲ್ಯಾಷಿಗೆ ನನ್ನ ಜೇಡಗಳು ಕದಲಿದ್ದಿಲ್ಲ, ನಾನು ಸೀನಿದ್ದಕ್ಕೆ ಹಾರಿವೆ. ಟ್ರೈಪಾಡ್ ಅವಳ ಟೇಬಲ್ಲಿಗೆ ತಾಕದಿರಲಿ. ಮುಚ್ಚಳ ಮೆಲ್ಲಗೆ ಸರಿಸಿ, ಕ್ಯಾಮೆರಾ ಇಟ್ಟು, ರಾತ್ರಿ ಒಂಬತ್ತರ ಮೇಲೆ ಕಾಯಿರಿ. ಬಿಲದ ಬಾಯಿಗೆ ಬಂದು ಕೂರುತ್ತಾಳೆ. ನಾನು ಒಂದು ಹಿಡಿ ಒಣ ಎಲೆ, ಒಂದು ಮರದ ತೊಗಟೆ ಮೊದಲೇ ಡಬ್ಬದಲ್ಲಿ ಹಾಕಿಟ್ಟಿರುತ್ತೇನೆ. ಫೋಟೋ ನೋಡಿದವರು ನಿಕರಾಗುವಾ ಕಾಡಿಗೆ ಹೋಗಿದ್ದಿರಾ ಅಂತ ಕೇಳುತ್ತಾರೆ. ನಾನು ಹೋಗಿರುವುದು ಅಡುಗೆಮನೆಯ ಪಕ್ಕದ ಕೋಣೆಗೆ.

ಗೂಟಿ ಸಫೈರ್ ಬಗ್ಗೆ ನನ್ನ ಅಭಿಪ್ರಾಯ: ಒಂಬತ್ತು ವರ್ಷದ ಮಗು ಇರುವ ಮನೆಗೆ, ಎರಡನೆಯ ಜೇಡವಾಗಿ, ಬೇಡ. ನಮ್ಮ ಕಡೆಯ ಜೇಡಗಳಿಗೆ ಎಸೆಯುವ ಕೂದಲಿಲ್ಲ, ಓಟ ಮತ್ತು ವಿಷವೇ ಗತಿ. ಅವು ಕಣ್ಣು ಮಿಟುಕಿಸುವಷ್ಟರಲ್ಲಿ ತೋಳಿನ ಮೇಲಿರುತ್ತವೆ. ಕಚ್ಚಿದರೆ ಸಾಯುವುದಿಲ್ಲ, ಆದರೆ ದಿನಗಟ್ಟಲೆ ಮೈಕೈ ಸೆಟೆದುಕೊಳ್ಳುವ ನೋವು. ನನ್ನ ಹತ್ತಿರ ಒಂದಿದೆ, ಹತ್ತನೆಯ ವರ್ಷಕ್ಕೆ ತಂದಿದ್ದು. ಫೋಟೋಗೆ ಮಾತ್ರ ಅದರಂಥದ್ದು ಇನ್ನೊಂದಿಲ್ಲ, ಒಪ್ಪುತ್ತೇನೆ. ಆ ನೀಲಿ ಬಣ್ಣ ಬಳಿದದ್ದಲ್ಲ, ಕೂದಲೊಳಗಿನ ಅತಿ ಸಣ್ಣ ರಚನೆ ಬೆಳಕನ್ನು ಹಾಗೆ ಹಿಂದಿರುಗಿಸುತ್ತದೆ. ಟರಾಂಟುಲಾಗಳಲ್ಲಿ ನೀಲಿ ಕನಿಷ್ಠ ಎಂಟು ಸಲ ಬೇರೆ ಬೇರೆಯಾಗಿ ಹುಟ್ಟಿಕೊಂಡಿದೆ ಎಂದು 2015ರಲ್ಲಿ ವಿಜ್ಞಾನಿಗಳು ಬರೆದರು. ಯಾಕೆ ಅಂತ ಜೇಡವೇ ಹೇಳಬೇಕು.

---

ಬೇಣದ ಕ್ಯಾಮೆರಾ (ಯಲ್ಲಾಪುರ), ಮಾರ್ಚ್ 9

ಅಕ್ಕ ಸಾಕುವ ಬಗ್ಗೆ ಎಲ್ಲ ಹೇಳಿಯಾಗಿದೆ. ನಾನು ಸಾಕುವವನಲ್ಲ, ಮಳೆಗಾಲದಲ್ಲಿ ಟಾರ್ಚು ಹಿಡಿದು ಕಾಡಂಚಿನಲ್ಲಿ ಕೂರುವವನು. ಗುತ್ತಿ ಅಂದಿದ್ದಕ್ಕೆ ಬರೆಯುತ್ತಿದ್ದೇನೆ.

ಬಳ್ಳಾರಿ ಅಣ್ಣ, ನೀವು ರೈಲಿನಲ್ಲಿ ನೋಡದೇ ಇದ್ದದ್ದರಲ್ಲಿ ನಿಮ್ಮ ತಪ್ಪಿಲ್ಲ. ಆ ಜೇಡಕ್ಕೆ ಗುತ್ತಿಯ ಹೆಸರು ಬಂದಿದ್ದೇ ರೈಲಿನಿಂದ. ಗುತ್ತಿಯ ರೈಲ್ವೆ ಮರದ ದಿಮ್ಮಿಗಳ ಯಾರ್ಡಿನಲ್ಲಿ ಒಂದು ಸಿಕ್ಕಿತ್ತು. ಅದನ್ನು ನೋಡಿ 1899ರಲ್ಲಿ ಪೋಕಾಕ್ ಎಂಬ ಬ್ರಿಟಿಷ್ ವಿಜ್ಞಾನಿ ಪೀಸಿಲೋಥೀರಿಯಾ ಮೆಟಾಲಿಕಾ ಎಂದು ಹೆಸರಿಟ್ಟ. ಎಲ್ಲಿಯದೋ ಕಾಡಿನ ದಿಮ್ಮಿಯ ಜೊತೆ ಟಿಕೆಟ್ ಇಲ್ಲದೆ ಬಂದು ಇಳಿದಿರಬೇಕು. ಆಮೇಲೆ ನೂರು ವರ್ಷ ಸುದ್ದಿಯೇ ಇಲ್ಲ. 2001ರಲ್ಲಿ ಮತ್ತೆ ಸಿಕ್ಕಿದ್ದು ಗುತ್ತಿಯಿಂದ ಎಷ್ಟೋ ದೂರದಲ್ಲಿ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ. ಹಳೆಯ ಮರಗಳ ಪೊಟರೆಯೇ ಅದರ ಮನೆ. ಮರ ಹೋದರೆ ಮನೆ ಹೋಯಿತು. ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿದೆ.

ಹಾಗಾದರೆ ಟೆಕ್ಸಾಸ್‌ನಲ್ಲಿ ಹೇಗೆ ಸಿಗುತ್ತದೆ ಅಂದರೆ, ಆ ಕಾಲದಲ್ಲಿ ಹೊರಗೆ ಹೋದ ಜೇಡಗಳ ಮರಿ ಮೊಮ್ಮಕ್ಕಳು. ವಿದೇಶದಲ್ಲಿ ಡಬ್ಬಿಗಳಲ್ಲಿ ಚೆನ್ನಾಗಿ ಮರಿ ಮಾಡುತ್ತವಂತೆ. ಊರಿಗಿಂತ ಪರದೇಶದಲ್ಲಿ ಜಾಸ್ತಿ, ನಮ್ಮ ಹುಡುಗರ ಹಾಗೆಯೇ ಮಾರಾಯ್ರೇ. 2019ರಲ್ಲಿ ಈ ಕುಲದ ಎಲ್ಲ ಜೇಡಗಳನ್ನೂ ಸೈಟಿಸ್ (ಕಾಡು ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೆಯ ಪಟ್ಟಿಗೆ ಸೇರಿಸಿದರು, ಈಗ ದೇಶ ದಾಟಿಸಲು ಕಾಗದ ಬೇಕು. ನಿಮ್ಮ ಅಮೆರಿಕದಲ್ಲಿ ಇದೇ ಕುಲದ ಐದು ಶ್ರೀಲಂಕಾ ಜೇಡಗಳನ್ನು 2018ರಲ್ಲೇ ಅಳಿವಿನಂಚಿನ ಕಾಯ್ದೆಗೆ ಸೇರಿಸಿದ್ದಾರೆ, ಅವುಗಳನ್ನು ರಾಜ್ಯದಿಂದ ರಾಜ್ಯಕ್ಕೆ ಮಾರುವುದಕ್ಕೂ ಪರವಾನಗಿ ಬೇಕು. ಚೀಟಿ ಓದದೆ ಮೇಳದಲ್ಲಿ ಏನೂ ಕೊಳ್ಳಬೇಡಿ.

ಅಂದ ಹಾಗೆ ಇದೇ ಕುಲದ ಇನ್ನೊಂದಕ್ಕೆ ವಿದೇಶದಲ್ಲಿ ಮೈಸೂರು ಆರ್ನಮೆಂಟಲ್ ಅನ್ನುತ್ತಾರೆ. ಹಾಗಾಗಿ ಊರಿನ ಸೆಳೆತ ಅಂತ ಹೊರಟರೆ ನಿಮಗೆ ಕಪಾಟು ಸಾಲುವುದಿಲ್ಲ.

ಫೋಟೋ ಬಗ್ಗೆ ನನ್ನದು ಒಂದೇ ಅನುಭವ. ನಮ್ಮ ಕಡೆ ತೋಟಕ್ಕೆ ಹೋಗುವ ದಾರಿಯ ಧರೆಯಲ್ಲಿ ಬಿಲಗಳಿವೆ, ಬಾಯಿಗೆ ಬಲೆ ಮೆತ್ತಿ ಒಣ ಎಲೆ ಅಂಟಿಸಿ ಕಟ್ಟೆ ಕಟ್ಟಿರುತ್ತದೆ. ಥ್ರಿಗ್ಮೋಪಿಯಸ್ ಎನ್ನುವ ಜೇಡ, ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ಇದಕ್ಕೂ ಹೆಸರಿಟ್ಟಿದ್ದು ಅದೇ ಪೋಕಾಕ್, ಅದೇ 1899ರಲ್ಲಿ. ಮೊದಲ ವರ್ಷ ನನಗೆ ತಾಳ್ಮೆ ಇರಲಿಲ್ಲ. ಹುಲ್ಲುಕಡ್ಡಿ ಹಾಕಿ ಕೆಣಕಿದೆ. ದಡಕ್ಕನೆ ಬಂದು ಕಡ್ಡಿ ಕಚ್ಚಿ, ವಾಪಸು ಹೋಗಿ, ಬಿಲದ ಬಾಯಿಯನ್ನು ಬಲೆಯಿಂದ ಮುಚ್ಚಿಕೊಂಡಿತು. ಹನ್ನೊಂದು ದಿನ ತೆರೆಯಲಿಲ್ಲ. ಸಿಕ್ಕ ಫೋಟೋ, ಮಂಜಾದ ಒಂದು ಹುಲ್ಲುಕಡ್ಡಿ. ಮುಂದಿನ ವರ್ಷದಿಂದ ಸುಮ್ನೆ ಕೂರಲು ಕಲಿತೆ. ಸಂಜೆ ಏಳಕ್ಕೆ ಟ್ರೈಪಾಡ್ ಇಟ್ಟು, ಕೊಡೆ ಹಿಡಿದು, ಉಂಬಳಕ್ಕೆ ಸುಣ್ಣ-ತಂಬಾಕು ಹಚ್ಚಿಕೊಂಡು. ಮೊದಲು ಎರಡು ಕಾಲಿನ ತುದಿ ಬರುತ್ತದೆ. ಅರ್ಧ ಗಂಟೆಗೆ ಇನ್ನೆರಡು. ಪೂರ್ತಿ ಮೈ ಸಿಕ್ಕಿದ್ದು ಮೂರನೆಯ ಮಳೆಗಾಲ. ಈಗ ಆ ಬಿಲ ಎಲ್ಲಿದೆ ಅಂತ ಯಾರಿಗೂ ಹೇಳುವುದಿಲ್ಲ, ಫೋಟೋ ಹಾಕುವ ಮುಂಚೆ ಜಾಗದ ಮಾಹಿತಿ ಅಳಿಸುತ್ತೇನೆ. ಅಗೆದು ಒಯ್ಯುವವರೂ ಇದನ್ನೆಲ್ಲ ಓದುತ್ತಾರೆ.

---

ವಿಜಯನಗರ_ಬಿಟಿ, ಮಾರ್ಚ್ 9

ನಾನು ಬೆಂಗಳೂರು. ಒಬ್ಬರು ಇನ್‌ಸ್ಟಾಗ್ರಾಂನಲ್ಲಿ ರೆಡ್ ನೀ ಮರಿ ನಾಲ್ಕು ಸಾವಿರಕ್ಕೆ ಕೊಡುತ್ತೇನೆ ಅಂತಿದ್ದಾರೆ. ಕಾಗದ ಏನೂ ಬೇಡವಂತೆ. ತಗೊಳ್ಳಬಹುದಾ?

---

ಬೇಣದ ಕ್ಯಾಮೆರಾ, ಮಾರ್ಚ್ 9

ಬೇಡ ತಮ್ಮಾ. ರೆಡ್ ನೀ ಕೂಡ ಸೈಟಿಸ್ ಪಟ್ಟಿಯದೇ. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದ ಮೇಲೆ ಆ ಪಟ್ಟಿಯ ಪ್ರಾಣಿಗಳನ್ನು ಇಟ್ಟುಕೊಳ್ಳುವವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು, 2024ರಿಂದ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ. ಕಾಗದ ಬೇಡ ಅನ್ನುವವನು ಕಾಗದ ಇಲ್ಲದವನು, ಅಷ್ಟೇ. ಮಳೆ ಶುರುವಾದ ಮೇಲೆ ಯಲ್ಲಾಪುರಕ್ಕೆ ಬಾ, ಉಂಬಳ ಫ್ರೀ.

---

ಗುಂಗುರಮ್ಮನ ಅಪ್ಪ, ಏಪ್ರಿಲ್ 27

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ.

ಅವತ್ತೇ ಬಲ್ಬು ತೆಗೆದೆ. ಪುಡಿ ಆರು ಇಂಚಿಗೆ ಏರಿಸಿದೆ. ಬೋಳು ಜಾಗ ನೋಡಿದೆ, ನೇರಳೆ ಹಣ್ಣಿನ ಹಾಗೆ ಕಪ್ಪು. ಕ್ರಿಕೆಟ್ ಹುಳುವನ್ನು ಹಿಡಿದು ತೋಟಕ್ಕೆ ಬಿಟ್ಟೆ, ಅಂಗಡಿಯ ಹುಳುವನ್ನು ಹೊರಗೆ ಬಿಡಬಾರದು ಅಂತ ಆಮೇಲೆ ಮಗಳು ಬೈದಳು.

ಏಪ್ರಿಲ್ 11ರ ಶುಕ್ರವಾರ ರಾತ್ರಿ ಹತ್ತೂಕಾಲಕ್ಕೆ ಹೆಂಡತಿ ಕೂಗಿದಳು. "ರೀ, ನಿಮ್ಮ ಗುಂಗುರಮ್ಮ ಹೋದಳು." ಹೋಗಿ ನೋಡಿದರೆ ಅಂಗಾತ, ಎಂಟೂ ಕಾಲು ಮೇಲೆ. ಎಂಟು ಕಾಲಿನ ಸಂಸಾರದ ಅಕ್ಕ ಬರೆದದ್ದನ್ನು ಮಗಳು ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದ್ದಳು. ಅದನ್ನೇ ಜೋರಾಗಿ ಓದಿ ಹೇಳಿದಳು: ಮುಟ್ಟಬೇಡಿ, ತಿರುಗಿಸಬೇಡಿ. ಹೆಂಡತಿಗೆ ನಂಬಿಕೆ ಬರಲಿಲ್ಲ, ಆದರೆ ಕುರ್ಚಿ ಎಳೆದು ಕೂತಳು. ಐದು ತಿಂಗಳಲ್ಲಿ ಮೊದಲ ಸಲ ಆ ಟ್ಯಾಂಕಿನ ಹತ್ತಿರ ಕೂತದ್ದು.

ನಾನು ಟ್ರೈಪಾಡ್ ನೆಲಕ್ಕಿಟ್ಟೆ. ಮುಚ್ಚಳ ತೆಗೆಯಲಿಲ್ಲ, ಗಾಜಿನ ಹೊರಗಿಂದಲೇ. ಹನ್ನೊಂದೂವರೆಗೆ ಪಕ್ಕದಲ್ಲಿ ಚರ್ಮ ಬಿರಿಯಿತು. ಒಳಗಿಂದ ಕಾಲುಗಳು ಒಂದೊಂದೇ ಹೊರಗೆ ಬರತೊಡಗಿದವು, ಒದ್ದೆ ಕೈಗವಸಿನಿಂದ ಬೆರಳು ಎಳೆದುಕೊಂಡ ಹಾಗೆ. ಎಳೆಯುವುದು, ನಿಲ್ಲಿಸುವುದು, ಮತ್ತೆ ಎಳೆಯುವುದು. ಹೆಂಡತಿ ಮೆಲ್ಲಗೆ "ಹೆರಿಗೆ ಥರಾ ಇದೆ" ಅಂದಳು. ಒಂದೂವರೆಗೆ ಮುಗಿಯಿತು. ಪಕ್ಕದಲ್ಲಿ ಇನ್ನೊಂದು ಗುಂಗುರಮ್ಮ ಖಾಲಿಯಾಗಿ ಬಿದ್ದಿತ್ತು. ಹೊಸಬಳ ಕೋರೆಹಲ್ಲು ಹಾಲಿನ ಹಾಗೆ ಬಿಳಿ! ಎರಡು ದಿನಕ್ಕೆ ಕೆಂಪಾಯಿತು, ವಾರ ಕಳೆಯುವಷ್ಟರಲ್ಲಿ ಕಪ್ಪು. ಆ ಬಿಳಿ ಹಲ್ಲಿನ ಫೋಟೋ ಸಿಕ್ಕಿದೆ. ಎಫ್ 11, ಹಾಲಿನ ಕ್ಯಾನ್, ಬೆಳಕು ಹಿಂದಿನಿಂದ. ಒಬ್ಬಟ್ಟು ಅಲ್ಲ ಈ ಸಲ.

ಮರುದಿನ ಅವಳು ಬಿಲಕ್ಕೆ ಇಳಿದ ಮೇಲೆ ಉದ್ದ ಚಿಮಟದಲ್ಲಿ ಪೊರೆ ಹೊರಗೆ ತೆಗೆದೆ. ಗಾಗಲ್ಸ್ ಹಾಕಿಕೊಂಡೇ. ಅದು ಒಣಗಿ ಕಡ್ಡಿಯಾಗಿತ್ತು. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ನೆನೆಸಿದರೆ ಮೆತ್ತಗಾಗುತ್ತದೆ ಅಂತ ಎಲ್ಲೋ ಓದಿದ್ದೆ, ನಿಜ. ಥರ್ಮೋಕೋಲ್ ಮೇಲೆ ಕಾಲು ಬಿಡಿಸಿ ಗುಂಡುಪಿನ್ನು ಚುಚ್ಚಿ ಒಣಗಿಸಿದೆವು. ಹೊಟ್ಟೆಯ ಭಾಗ ಮುದುಡಿದೆ, ಉಳಿದದ್ದೆಲ್ಲ ಬಣ್ಣ, ಕೂದಲು ಸಮೇತ ಹಾಗೇ ಇದೆ. ಈಗ ನಾನು ಬೆಳಕಿನ ಅಭ್ಯಾಸ ಮಾಡುವುದು ಇದರ ಮೇಲೆ. ಉಸಿರು ಬಿಟ್ಟರೂ ಓಡುವುದಿಲ್ಲ, ಬೆಡ್‌ಶೀಟ್ ಹಾಸಿದರೂ ಬೇಜಾರಿಲ್ಲ. ಹೋದ ವಾರ ಒಂದೇ ರಾತ್ರಿ ಇನ್ನೂರು ತೆಗೆದೆ. ಅದರಲ್ಲಿ ಕಲಿತದ್ದನ್ನು ಅವಳ ಮೇಲೆ ಪ್ರಯೋಗಿಸಲು ಐದು ನಿಮಿಷ ಸಾಕಾಯಿತು.

ಪೊರೆಯೊಳಗೆ ನೋಡಿ ಗಂಡೋ ಹೆಣ್ಣೋ ಹೇಳಬಹುದಂತೆ. ಉಸಿರಾಡುವ ಬಿಳಿ ಚೀಲಗಳು ನಾಲ್ಕಿವೆಯಲ್ಲ, ಮುಂದಿನ ಎರಡರ ನಡುವೆ ಒಂದು ಪುಟ್ಟ ಮಡಿಕೆ ಕಾಣುತ್ತಿದೆ. ಫೋಟೋ ಹಾಕಿದ್ದೇನೆ, ನೋಡಿ ಹೇಳಿ. ಹೆಣ್ಣಾದರೆ ಇಪ್ಪತ್ತು ವರ್ಷದ ಹತ್ತಿರ ಬದುಕುತ್ತದೆ ಅಂತ ಹೆಂಡತಿಗೆ ಇನ್ನೂ ಹೇಳಿಲ್ಲ.

ನೀಲಿಯದ್ದನ್ನು ತರಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಗುತ್ತಿಯ ಕಥೆ ಹೇಳಿದೆ. ಮೂವತ್ತು ವರ್ಷ ರೈಲ್ವೆಯಲ್ಲಿದ್ದವರು. ಎಲ್ಲ ಕೇಳಿಸಿಕೊಂಡು, "ಟಿಂಬರ್ ಯಾರ್ಡಿನಲ್ಲಿ ಚೇಳು ನೋಡಿದ್ದೆ" ಅಂದರು, ಅಷ್ಟೇ.

ಒಂದು ತೊಂದರೆ ಉಳಿದಿದೆ. ಗಾಜಿನಿಂದ ತೆಗೆದ ಫೋಟೋಗಳಲ್ಲಿ ಎಡಗಡೆ ನನ್ನದೇ ಅಂಗಿಯ ಬಿಂಬ ಬಂದಿದೆ.

---

ಎಂಟು ಕಾಲಿನ ಸಂಸಾರ, ಏಪ್ರಿಲ್ 27

ಹೆಣ್ಣು! ಮಡಿಕೆ ಸ್ಪಷ್ಟವಾಗಿದೆ. ಹೆಂಡತಿಗೆ ನೀವೇ ಹೇಳಿ.

ಬಿಂಬಕ್ಕೆ: ಕಪ್ಪು ಅಂಗಿ ಹಾಕಿ. ಲೆನ್ಸಿನ ಹುಡ್ ಗಾಜಿಗೆ ತಾಗುವ ಹಾಗೆ ಇಡಿ, ಓರೆಯಾಗಿ ಬೇಡ, ನೇರ. ಸುತ್ತ ಒಂದು ಕಪ್ಪು ಬಟ್ಟೆ ಇಳಿಬಿಡಿ, ಹಳೇ ಕೊಡೆಯ ಬಟ್ಟೆಯಾದರೂ ನಡೆಯುತ್ತದೆ. ಫ್ಲ್ಯಾಷ್ ಕ್ಯಾಮೆರಾ ಮೇಲೆ ಇರಬಾರದು, ಮುಚ್ಚಳದ ಮೇಲಿಂದ ಕೆಳಕ್ಕೆ ಬರಲಿ. ಬಿಂಬ ತಗ್ಗಿಸಲು ಲೆನ್ಸಿಗೆ ಹಾಕುವ ಪೋಲರೈಸರ್ ಫಿಲ್ಟರ್ ತರಬೇಡಿ, ಅರ್ಧಕ್ಕಿಂತ ಜಾಸ್ತಿ ಬೆಳಕು ತಿನ್ನುತ್ತದೆ.

ಪೊರೆ ಬಿಟ್ಟು ಹದಿನಾರು ದಿನ ಆಯಿತಲ್ಲ, ಹಲ್ಲು ಪೂರ್ತಿ ಕಪ್ಪಾಗಿದ್ದರೆ ಊಟ ಕೊಡಬಹುದು. ಒಂದೇ ಹುಳು, ಚಿಕ್ಕದು.